ಹಳೇ ಕಾರಿನ ಸೈರನ್ ರಾತ್ರಿ ತಾನಾಗಿ ಕೂಗುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ: ತುಮಕೂರಿನಲ್ಲಿ ಏನು ಮಾಡಿಸಲಿ?

ಕ್ಯಾತ್ಸಂದ್ರದವಳು

ಎಲ್ಲರಿಗೂ ನಮಸ್ಕಾರ. ನಮ್ಮದು 2007ರ ಪೆಟ್ರೋಲ್ ಕಾರು, ಕೆಎ-06 ನಂಬರು. ಅಪ್ಪ ಶೋರೂಮಿನಿಂದ ಹೊಸದಾಗಿ ತೆಗೆದುಕೊಂಡ ಗಾಡಿ. 15 ವರ್ಷ ತುಂಬಿದಾಗ ಆರ್‌ಸಿ ರಿನ್ಯೂವಲ್ ಮಾಡಿಸಿದ್ದೇವೆ. ಎಂಜಿನ್ ಇವತ್ತಿಗೂ ಚೆನ್ನಾಗಿದೆ. ತೊಂದರೆ ಇರುವುದು ಕಳ್ಳರಿಗೆಂದು ಹಾಕಿಸಿದ ಅಲಾರ್ಮಿನಲ್ಲಿ.

ರಾತ್ರಿ ಎರಡು ಮೂರು ಗಂಟೆಗೆ ಯಾರೂ ಮುಟ್ಟದೆ ಸೈರನ್ ಶುರುವಾಗುತ್ತದೆ. ರಿಮೋಟ್ ಒತ್ತಿದರೆ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾರೆ. ಅವರು ಇದುವರೆಗೆ ಒಂದು ಮಾತೂ ಅಂದಿಲ್ಲ. ಆದರೆ ಮಗು ಬೆಚ್ಚಿ ಎದ್ದು ಅಳುವುದು ನಮ್ಮ ಮನೆಗೂ ಕೇಳಿಸುತ್ತದೆ.

ಇನ್ನೊಂದು ತೊಂದರೆ ಬೆಳಗಿನದು. ಒಂದೊಂದು ದಿನ ಕೀ ತಿರುಗಿಸಿದರೆ ಸೆಲ್ಫ್ ಸದ್ದೇ ಮಾಡುವುದಿಲ್ಲ. ಹೆಡ್‌ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತದೆ. ರಿಮೋಟಿನಲ್ಲಿ ಲಾಕ್ ಮಾಡಿ ತೆಗೆದು, ಮತ್ತೆ ಮಾಡಿ ತೆಗೆದರೆ ಒಂದು ಸಲ ಹೊಡೆಯುತ್ತದೆ. ಎರಡು ಮೂರು ದಿನ ನಿಲ್ಲಿಸಿದರೆ ಬ್ಯಾಟರಿಯೂ ಡೌನ್. ಬ್ಯಾಟರಿ ಹೊಸದು.

ಒಂದು ಗ್ಯಾರೇಜಿನಲ್ಲಿ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ) ಹೋಗಿದೆ, ಬದಲಾಯಿಸಬೇಕು ಅಂದರು. ಅವರು ಹೇಳಿದ ದುಡ್ಡು ಗಾಡಿಯ ಈಗಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಇದೇ ಕಾರಿನಲ್ಲಿ. ನಂಬಿಕೊಂಡು ಹೊರಡುವ ಹಾಗೆ ಆಗಬೇಕು. ಗೊತ್ತಿದ್ದವರು ಹೇಳಿ.

ಶಿರಾಗೇಟ್ ವಾಸಿ

ಸೈರನ್ ವೈರ್ ಕಿತ್ತು ಹಾಕಿ ಮೇಡಂ. ಇಷ್ಟು ಹಳೇ ಗಾಡಿಗೆ ಅಲಾರ್ಮ್ ಯಾಕೆ? ಬೇಕಾದರೆ ಒಂದು ಸ್ಟೀರಿಂಗ್ ಲಾಕ್ ಹಾಕಿಕೊಳ್ಳಿ.

ವೈರಿಂಗ್ ಅಣ್ಣ

ತಂಗಿ, ಯಾವ ವೈರನ್ನೂ ಈಗಲೇ ಕೀಳಬೇಡಿ. ಇಸಿಎಂಗೆ ಅಡ್ವಾನ್ಸ್ ಕೊಡಲೂ ಬೇಡಿ. ಗುಬ್ಬಿ ಗೇಟ್ ಕಡೆ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡು ಬಂದವನು ನಾನು. ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ.

ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ಕಾವಲು ಇರುವ ಹಾಗೆ ಕಾಣುತ್ತದೆ. ಒಂದು ಕಾರ್ ಕಂಪನಿಯಿಂದಲೇ ಬಂದ ಇಮ್ಮೊಬಿಲೈಸರ್. ಇನ್ನೊಂದು ಗಾಡಿ ತೆಗೆದುಕೊಂಡ ಮೇಲೆ ಹಾಕಿಸಿದ ಸೈರನ್, ರಿಮೋಟ್, ಸೆಂಟ್ರಲ್ ಲಾಕ್. ಆ ಕಾಲದಲ್ಲಿ ಬಹಳ ಗಾಡಿಗಳಿಗೆ ಹೀಗೇ ಹಾಕುತ್ತಿದ್ದರು. ಇವೆರಡಕ್ಕೂ ಒಂದಕ್ಕೊಂದು ಸಂಬಂಧ ಇರುವುದಿಲ್ಲ. ಯಾವುದು ಕೆಟ್ಟಿದೆ ಅಂತ ಗೊತ್ತಾಗುವ ಮೊದಲು ಕೈ ಹಾಕಿದರೆ ಚೆನ್ನಾಗಿರುವುದೂ ಕೆಡುತ್ತದೆ.

ಕಂಪನಿ ಇಮ್ಮೊಬಿಲೈಸರ್ ಕೆಲಸ ಮಾಡುವುದು ಹೀಗೆ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಅದಕ್ಕೆ ಸೆಲ್ ಬೇಡ. ಕೀ ಹಾಕುವ ತೂತಿನ ಸುತ್ತ ಒಂದು ಕಾಯಿಲ್ ಇದೆ. ಇಗ್ನಿಷನ್ ಆನ್ ಮಾಡಿದಾಗ ಆ ಕಾಯಿಲ್ ಚಿಪ್ಪಿಗೆ ಗಾಳಿಯಲ್ಲೇ ಕರೆಂಟ್ ಕೊಡುತ್ತದೆ, ಬಹುತೇಕ ಗಾಡಿಗಳಲ್ಲಿ 125 ಕಿಲೋಹರ್ಟ್ಸ್‌ನಲ್ಲಿ. ಚಿಪ್ ತನ್ನ ಕೋಡ್ ಹೇಳುತ್ತದೆ. ಕೋಡ್ ಸರಿ ಇದ್ದರೆ ಇಸಿಎಂ ಪೆಟ್ರೋಲ್ ಬಿಡುತ್ತದೆ, ಇಲ್ಲದಿದ್ದರೆ ಇಲ್ಲ.

ಹಾಗಾಗಿ ಇದು ಕೈಕೊಟ್ಟಾಗ ಸಾಮಾನ್ಯವಾಗಿ ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಇಲ್ಲಾ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಮೀಟರಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಲೇ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಇದು ಸೆಲ್ಫನ್ನೂ ತಡೆಯುತ್ತದೆ, ಅದಕ್ಕೇ ಆ ದೀಪ ನೋಡುವುದು ಮುಖ್ಯ.

ಹೊರಗಿನಿಂದ ಹಾಕಿಸಿದ ಅಲಾರ್ಮ್ ಬೇರೆ ಥರ. ಅದು ಒಂದು ರಿಲೇ, ಅಂದರೆ ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್, ಇಟ್ಟು ಸೆಲ್ಫಿಗೆ ಹೋಗುವ ವೈರನ್ನೋ, ಇಗ್ನಿಷನ್ ವೈರನ್ನೋ, ಪೆಟ್ರೋಲ್ ಪಂಪಿನ ವೈರನ್ನೋ ಮಧ್ಯದಲ್ಲಿ ಕತ್ತರಿಸುತ್ತದೆ. ನಿಮ್ಮದು ಸೆಲ್ಫ್ ಸದ್ದೇ ಇಲ್ಲ, ಲೈಟ್ ಚೆನ್ನಾಗಿದೆ, ರಿಮೋಟ್ ಆಡಿಸಿದರೆ ಸರಿಹೋಗುತ್ತದೆ. ನನ್ನ ಅನುಮಾನ ಪೂರ್ತಿ ಆ ರಿಲೇ ಮೇಲೆ. ಇಸಿಎಂ ಕೆಟ್ಟಿದ್ದರೆ ರಿಮೋಟ್ ಒತ್ತಿದರೆ ಯಾಕೆ ಸರಿಹೋಗಬೇಕು?

ಮುಂದಿನ ಸಲ ಸೆಲ್ಫ್ ಹೊಡೆಯದಿದ್ದಾಗ ಕೀ ಆನ್ ಮಾಡಿ ಆ ದೀಪ ನೋಡಿ. ಒಂದು ಕ್ಷಣ ಉರಿದು ಆರಿತಾ, ಮಿನುಗುತ್ತಲೇ ಇತ್ತಾ? ಅಷ್ಟು ಬರೆಯಿರಿ.

ತೆಂಗಿನತೋಟ ತಿಪಟೂರು

ಅಣ್ಣ ಹೇಳಿದ್ದು ನಿಜ. ಚಿಪ್ ವಿಷಯಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಮಾವನ ಕಾರಿನ ಕೀ ಕವರ್ ಒಡೆದಿತ್ತು. ಸಂತೆ ದಿನ ಕೀ ಮಾಡುವವನ ಹತ್ತಿರ ಹೊಸ ಕವರ್ ಹಾಕಿಸಿದರು. ಬಟನ್ ಇರುವ ಬೋರ್ಡನ್ನು ಅವನು ಹೊಸದಕ್ಕೆ ಸೇರಿಸಿದ. ಬಾಗಿಲು ತೆಗೆಯಿತು, ಗಾಡಿ ಮಾತ್ರ ಸ್ಟಾರ್ಟ್ ಆಗಲಿಲ್ಲ. ಚಿಪ್ ಬೇರೆ ಇರುತ್ತದೆ ಅಂತ ಅವನಿಗೆ ತಿಳಿದಿರಲಿಲ್ಲ. ಹಳೇ ಕವರಿನ ಮೂಲೆಯಲ್ಲಿ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪಗೆ, ಕಪ್ಪಗೆ ಅಂಟಿಕೊಂಡು ಕೂತಿತ್ತು. ಅಂಗಡಿಯವನ ಕಸದ ಡಬ್ಬದಲ್ಲಿ ಹುಡುಕಿ ತಂದರು. ಕೀ ಕವರ್ ಬದಲಾಯಿಸುವವರು ಹಳೇ ಕವರನ್ನು ಮನೆಗೆ ತರಲೇಬೇಕು.

ಎರಡು ಗಾಡಿಗಳ ಚಿಪ್ ಕೀಗಳನ್ನು ಒಂದೇ ರಿಂಗಿನಲ್ಲಿ ಇಟ್ಟರೂ ಕೆಲವೊಮ್ಮೆ ಓದುವುದಕ್ಕೆ ಅಡ್ಡಿಯಾಗುತ್ತದೆ. ಅದನ್ನೂ ಬೇರೆ ಮಾಡಿ ನೋಡಿ ಅಕ್ಕ.

ಕ್ಯಾತ್ಸಂದ್ರದವಳು

ಅಣ್ಣ, ನೋಡಿದೆ. ಇವತ್ತು ಬೆಳಿಗ್ಗೆ ಮತ್ತೆ ಸೆಲ್ಫ್ ಸದ್ದಿಲ್ಲ. ಕೀ ದೀಪ ಉರಿದು ತಕ್ಷಣ ಆರಿತು, ಮಿನುಗಲಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಎಲ್ಲೋ 'ಟಿಕ್' ಅನ್ನುವ ಸಣ್ಣ ಶಬ್ದ ಬಂತು. ಎರಡನೇ ಕೀ ಹಾಕಿದರೂ ಹಾಗೇ.

ವೈರಿಂಗ್ ಅಣ್ಣ

ಹಾಗಾದರೆ ಕಂಪನಿ ಇಮ್ಮೊಬಿಲೈಸರ್ ನಿಮ್ಮ ಎರಡೂ ಕೀಯನ್ನು ಒಪ್ಪಿಕೊಂಡಿದೆ. ಇಸಿಎಂ ಮಾತು ಬಿಟ್ಟುಬಿಡಿ. ಟಿಕ್ ಅಂದಿದ್ದು ರಿಲೇ. ಒಳಗಿನ ಪಾಯಿಂಟ್ ಸುಟ್ಟು ಕಪ್ಪಾಗಿದ್ದರೆ ರಿಲೇ ಎಳೆದರೂ ಬಿಟ್ಟರೂ ಕರೆಂಟ್ ದಾಟುವುದಿಲ್ಲ. ಇಲ್ಲವೇ ಪಕ್ಕದ ಜಾಯಿಂಟ್ ಸಡಿಲ.

ಸೈರನ್ ತಾನಾಗಿ ಕೂಗುವುದಕ್ಕೆ ನಾನು ಮೊದಲು ನೋಡುವುದು ಬಾನೆಟ್ ಸ್ವಿಚ್. ಬಾನೆಟ್ ಮುಚ್ಚಿದಾಗ ಅದರ ಪಿನ್ ಕೆಳಗೆ ಒತ್ತಿಕೊಂಡಿರಬೇಕು. ಮಳೆ ನೀರು ಬಿದ್ದು ಬಿದ್ದು ತುಕ್ಕು ಹಿಡಿದಿರುತ್ತದೆ. ರಾತ್ರಿ ಇಬ್ಬನಿ ಬಿದ್ದಾಗ ತುಕ್ಕಿನಲ್ಲೇ ಅರ್ಥ್ (ಮೈನಸ್ ಸಂಪರ್ಕ) ಸಿಕ್ಕಿ, ಯಾರೋ ಬಾನೆಟ್ ಎತ್ತಿದರು ಅಂತ ಅಲಾರ್ಮ್ ತಿಳಿದುಕೊಳ್ಳುತ್ತದೆ. ಆಮೇಲೆ ಬಾಗಿಲಿನ ಸ್ವಿಚ್‌ಗಳು, ಡಿಕ್ಕಿ ಸ್ವಿಚ್. ಆಮೇಲೆ ಗಾಡಿ ಅಲುಗಿದರೆ ಗುರುತಿಸುವ ಶಾಕ್ ಸೆನ್ಸರ್. ಅದರ ಮೇಲೆ ತಿರುಗಿಸುವ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಜಾಸ್ತಿ ಚುರುಕಾಗಿ ಇಟ್ಟಿದ್ದರೆ ಲಾರಿ ಹೋದರೂ ಕೂಗುತ್ತದೆ. ನಿಮ್ಮ ಕಡೆ ರೈಲೂ ಹೋಗುತ್ತದೆ, ಲಾರಿಯೂ ಹೋಗುತ್ತದೆ.

ಕೊನೆಯದು ಸೈರನ್ನೇ. ಕೆಲವು ಸೈರನ್ ಒಳಗೆ ಅದರದೇ ಸಣ್ಣ ಚಾರ್ಜ್ ಆಗುವ ಸೆಲ್‌ಗಳಿರುತ್ತವೆ. ಕಳ್ಳ ಬ್ಯಾಟರಿ ವೈರ್ ಕತ್ತರಿಸಿದರೂ ಕೂಗಲಿ ಅಂತ. ಕಾರಿನ ಬ್ಯಾಟರಿ ವೋಲ್ಟೇಜ್ ಬಹಳ ಇಳಿದರೆ, ವೈರ್ ಕತ್ತರಿಸಿದರು ಅಂತಲೇ ಅದು ಕೂಗುತ್ತದೆ. ನಿಮ್ಮ ಬ್ಯಾಟರಿ ಇಳಿಯುವುದಕ್ಕೂ ರಾತ್ರಿ ಕೂಗುವುದಕ್ಕೂ ನಂಟು ಇರಬಹುದು. ಶಿರಾಗೇಟ್ ಸರ್, ವೈರ್ ಕಿತ್ತರೆ ಇಂಥ ಸೈರನ್ ಸುಮ್ಮನಾಗುವುದಿಲ್ಲ. ಅದರ ಸೆಲ್ ಖಾಲಿಯಾಗುವ ತನಕ ಕೂಗುತ್ತದೆ. ಅದನ್ನು ಆಫ್ ಮಾಡಲು ಸೈರನ್ ಮೇಲೇ ಸಣ್ಣ ಕೀ ತೂತು ಇರುತ್ತದೆ.

ಶಿರಾಗೇಟ್ ವಾಸಿ

ಇದು ಗೊತ್ತಿರಲಿಲ್ಲ ಅಣ್ಣ, ಒಪ್ಪಿದೆ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಇಷ್ಟೆಲ್ಲ ಹುಡುಕಿ ಹಳೇ ಅಲಾರ್ಮನ್ನು ಮತ್ತೆ ಸರಿಮಾಡಿಸುವುದರಲ್ಲಿ ಅರ್ಥ ಇದೆಯಾ?

ವೈರಿಂಗ್ ಅಣ್ಣ

ಇಲ್ಲ. ಅದನ್ನು ಪೂರ್ತಿ ತೆಗೆಯಬೇಕು ಅಂತಲೇ ನಾನೂ ಹೇಳುವುದು. ಆದರೆ ತೆಗೆಯುವುದು ಅಂದರೆ ಕತ್ತರಿಸುವುದಲ್ಲ. ಅವರು ಹಾಕುವಾಗ ಕಾರಿನ ಯಾವ ಯಾವ ವೈರ್ ಕತ್ತರಿಸಿದ್ದರೋ ಅದನ್ನೆಲ್ಲ ಮೊದಲಿದ್ದ ಹಾಗೆ ಸೇರಿಸಬೇಕು.

ನನಗೆ ಸಿಟ್ಟು ಬರುವುದು ಅರ್ಧ ಕೆಲಸ ಕಂಡಾಗ. ಸೈರನ್ ಬಿಚ್ಚಿ ಕೊಡುತ್ತಾರೆ, ಗಿರಾಕಿ ಖುಷಿಯಾಗಿ ಹೋಗುತ್ತಾರೆ. ರಿಲೇ ಮತ್ತು ತಿರುಚಿದ ಜಾಯಿಂಟ್ ಡ್ಯಾಶ್‌ಬೋರ್ಡ್ ಕೆಳಗೇ ಉಳಿಯುತ್ತದೆ. ಆ ಜಾಯಿಂಟ್ ಸೆಲ್ಫ್ ವೈರಿನಲ್ಲಿದ್ದರೆ ಗಾಡಿ ಮನೆ ಮುಂದೆ ನಿಲ್ಲುತ್ತದೆ, ಅಷ್ಟೇ. ಇಗ್ನಿಷನ್ ಅಥವಾ ಪಂಪಿನ ವೈರಿನಲ್ಲಿದ್ದರೆ ಓಡುತ್ತಿರುವಾಗಲೇ ಎಂಜಿನ್ ಆಫ್. ಶಿರಾ ಕಡೆಯ ಹೈವೇಯಲ್ಲಿ ಹಿಂದೆ ಲಾರಿ ಇರುವಾಗ ಹೀಗಾದರೆ ಯೋಚನೆ ಮಾಡಿ. ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕಿನ ಬೂಸ್ಟರಿನಲ್ಲಿ ಉಳಿದಿರುವ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟೇ. ಆಮೇಲೆ ಪೆಡಲ್ ಕಲ್ಲಾಗುತ್ತದೆ. ತಾಯಿಯವರನ್ನು ಕೂರಿಸಿಕೊಂಡು ಹೋಗುವ ಗಾಡಿ ಅಂತ ಬರೆದಿದ್ದೀರಿ. ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಕಂಪನಿ ಇಮ್ಮೊಬಿಲೈಸರ್ ಮಾತ್ರ ಹಾಗೇ ಇರಲಿ. ಅದು ಸರಿ ಇದೆ. ಕಳ್ಳನಿಗೆ ಸೈರನ್‌ಗಿಂತ ದೊಡ್ಡ ಅಡ್ಡಿ ಅದೇ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಅದನ್ನು ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ.

ಮೀಟರ್ ಮೇಷ್ಟ್ರು ಮಧುಗಿರಿ

ಬ್ಯಾಟರಿ ಇಳಿಯುವುದನ್ನು ಮನೆಯಲ್ಲೇ ಅಳೆಯಬಹುದು. ಪಾಲಿಟೆಕ್ನಿಕ್ ಮಕ್ಕಳಿಗೆ ಇದನ್ನೇ ಮಾಡಿಸುತ್ತೇನೆ, ಬರೆಯುತ್ತೇನೆ ಮೇಡಂ.

ಮೊದಲು ವೋಲ್ಟೇಜ್. ಗಾಡಿ ರಾತ್ರಿಯಿಡೀ ನಿಂತ ಮೇಲೆ 12.6 ಇದ್ದರೆ ಬ್ಯಾಟರಿ ತುಂಬಿದೆ. 12.2 ಹತ್ತಿರ ಇದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4 ಬಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ.

ಆಮೇಲೆ ಕರೆಂಟ್. ಎಲ್ಲ ಆಫ್ ಮಾಡಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪಿಯರಿಗೆ ಇಟ್ಟು ಮೈನಸ್ ಟರ್ಮಿನಲ್‌ಗೂ ಆ ವೈರಿಗೂ ನಡುವೆ ಸೇರಿಸಿ. ಬಾನೆಟ್ ತೆರೆದೇ ಇರುತ್ತದೆ, ಹಾಗಾಗಿ ಬಾನೆಟ್ ಸ್ವಿಚ್ಚಿನ ಪಿನ್ನನ್ನು ಟೇಪ್ ಸುತ್ತಿ ಒತ್ತಿಡಿ, ಇಲ್ಲದಿದ್ದರೆ ಸೈರನ್ ಕೂಗುತ್ತದೆ. ಅಲಾರ್ಮ್ ಆನ್ ಇರುವಂತೆ ಲಾಕ್ ಮಾಡಿ ಅರ್ಧ ಗಂಟೆ ಬಿಡಿ. ಹಳೇ ಕಾರಿಗೆ 50 ಮಿಲಿಆಂಪಿಯರ್ ಒಳಗೆ ಇದ್ದರೆ ತೊಂದರೆ ಇಲ್ಲ. ಜಾಸ್ತಿ ಇದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಯಾವುದನ್ನು ತೆಗೆದಾಗ ಇಳಿಯುತ್ತದೋ ಕಳ್ಳ ಆ ಲೈನಿನಲ್ಲಿದ್ದಾನೆ.

ಮೀಟರ್ ಹೀಗೆ ಸೇರಿಸಿರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ. ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್, ಮೀಟರ್ ಸುಟ್ಟುಹೋಗುತ್ತದೆ. ಮೈನಸ್ ಬಿಚ್ಚುವ ಮೊದಲು ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ.

ಕ್ಯಾತ್ಸಂದ್ರದವಳು

ಮೇಷ್ಟ್ರೇ, ನನ್ನ ತಮ್ಮ ಅಳೆದ. 280 ಮಿಲಿಆಂಪಿಯರ್ ಬಂತು. ಕಾರಿನ ಫ್ಯೂಸ್ ಎಲ್ಲ ತೆಗೆದರೂ ಇಳಿಯಲಿಲ್ಲ. ಹುಡುಕಿದಾಗ ಬ್ಯಾಟರಿಯ ಪ್ಲಸ್‌ನಿಂದ ನೇರವಾಗಿ ಒಂದು ಕೆಂಪು ವೈರ್ ಒಳಗೆ ಹೋಗಿದೆ, ಅದರಲ್ಲೇ ಒಂದು ಗಾಜಿನ ಫ್ಯೂಸ್ ಇದೆ. ಅದನ್ನು ತೆಗೆದ ತಕ್ಷಣ 20ಕ್ಕೆ ಇಳಿಯಿತು. ಜೊತೆಗೆ ಸೈರನ್ ಕೂಗಿತು!

ಮೀಟರ್ ಮೇಷ್ಟ್ರು ಮಧುಗಿರಿ

ಸಿಕ್ಕಿತು. ಅದು ಅಲಾರ್ಮಿನ ಲೈನ್. 0.28 ಆಂಪಿಯರ್ ಅಂದರೆ ದಿನಕ್ಕೆ 6.7 ಆಂಪಿಯರ್-ಅವರ್. ನಿಮ್ಮದು 35 ಆಂಪಿಯರ್-ಅವರ್ ಬ್ಯಾಟರಿ ಆಗಿದ್ದರೆ ಎರಡೂವರೆ ದಿನಕ್ಕೆ ಅರ್ಧ ಖಾಲಿ. ಎರಡು ಮೂರು ದಿನಕ್ಕೆ ಡೌನ್ ಅಂತ ನೀವು ಮೊದಲೇ ಬರೆದಿದ್ದಿರಿ. ಬ್ಯಾಟರಿ ಅಂಗಡಿಯವರದ್ದು ತಪ್ಪಿಲ್ಲ.

ವೈರಿಂಗ್ ಅಣ್ಣ

ತುಂಬಾ ಒಳ್ಳೇ ಕೆಲಸ ಮಾಡಿದ್ದಾನೆ ತಮ್ಮ. ಫ್ಯೂಸ್ ತೆಗೆದಾಗ ಕೂಗಿತು ಅಂದರೆ ಸೈರನ್ ಒಳಗೆ ಸ್ವಂತ ಸೆಲ್ ಇದೆ ಅಂತಲೂ ಗೊತ್ತಾಯಿತು. ಈಗ ಧೈರ್ಯವಾಗಿ ಕೆಲಸ ಮಾಡಿಸಬಹುದು.

ಯಾರ ಹತ್ತಿರ ಹೋದರೂ ಮೊದಲೇ ಹೀಗೆ ಹೇಳಿ: ಕಂಟ್ರೋಲ್ ಬಾಕ್ಸ್, ರಿಲೇ, ಸೈರನ್, ಶಾಕ್ ಸೆನ್ಸರ್ ಎಲ್ಲ ಹೊರಗೆ ಬರಬೇಕು. ಕತ್ತರಿಸಿದ ವೈರನ್ನು ಅಷ್ಟೇ ದಪ್ಪದ ವೈರ್ ಕೊಟ್ಟು ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಸ್ಲೀವ್ ಏರಿಸಿ ಬಿಸಿ ಮಾಡಬೇಕು. ಬರೀ ತಿರುಚಿ ಟೇಪ್ ಸುತ್ತುವುದು ಬೇಡ. ಸೆಲ್ಫ್ ಕಟ್ ಮಾಡುವ ರಿಲೇಯಲ್ಲಿ ಸಾಮಾನ್ಯವಾಗಿ 30 ಮತ್ತು 87ಎ ಅಂತ ಬರೆದ ಎರಡು ಪಿನ್ನಿಗೆ ಬಂದಿರುವ ದಪ್ಪ ವೈರ್‌ಗಳೇ ಒಂದಕ್ಕೊಂದು ಸೇರಬೇಕಾದವು. 85, 86ರ ತೆಳು ವೈರ್ ಅಲಾರ್ಮಿನವು. ಕೆಲಸ ಶುರು ಮಾಡುವ ಮೊದಲು ಬ್ಯಾಟರಿ ಮೈನಸ್ ಬಿಚ್ಚಲಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಹಳದಿ ಕವರಿನ ವೈರ್‌ಗಳನ್ನು ಯಾರೂ ಮುಟ್ಟಬಾರದು.

ಒಂದು ವಿಷಯ ಮೊದಲೇ ತಿಳಿದಿರಲಿ. ನಿಮ್ಮ ಸೆಂಟ್ರಲ್ ಲಾಕ್ ಇದೇ ಬಾಕ್ಸಿನಿಂದ ಓಡುತ್ತಿದ್ದರೆ ರಿಮೋಟಿನಲ್ಲಿ ಬಾಗಿಲು ತೆಗೆಯುವುದು ನಿಲ್ಲುತ್ತದೆ. ಬೇಕೆಂದರೆ ಸೈರನ್ ಇಲ್ಲದ, ಬರೀ ಬಾಗಿಲ ಲಾಕಿನ ಕಿಟ್ ಹಾಕಿಸಬಹುದು. ಅದು ಎಂಜಿನ್ ವೈರ್‌ಗಳ ಹತ್ತಿರಕ್ಕೂ ಹೋಗುವುದಿಲ್ಲ.

ಪಾಲಿಸಿ ನೋಡುವವ

ತೆಗೆಯುವ ಮೊದಲು ಇನ್ಶೂರೆನ್ಸ್ ಪೇಪರ್ ಒಂದು ಸಲ ನೋಡಿ ಮೇಡಂ. ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಒಪ್ಪಿದ ಕಳ್ಳತನ ತಡೆ ಸಾಧನ ಇದ್ದರೆ ಓನ್ ಡ್ಯಾಮೇಜ್, ಅಂದರೆ ನಮ್ಮದೇ ಗಾಡಿಯ ನಷ್ಟಕ್ಕೆ ಕಟ್ಟುವ, ಪ್ರೀಮಿಯಂನಲ್ಲಿ 2.5 ಶೇಕಡಾ, ಹೆಚ್ಚೆಂದರೆ 500 ರೂಪಾಯಿ ರಿಯಾಯಿತಿ ಕೊಡುವ ಪದ್ಧತಿ ಇದೆ. ನಿಮ್ಮ ಪಾಲಿಸಿಯಲ್ಲಿ ಆ ರಿಯಾಯಿತಿ ಇದ್ದರೆ, ಸಾಧನ ತೆಗೆದ ವಿಷಯವನ್ನು ಬರಹದಲ್ಲಿ ತಿಳಿಸಿ. ರಿಯಾಯಿತಿ ತೆಗೆದುಕೊಂಡು ಸಾಧನ ಇಲ್ಲದೆ ಇದ್ದರೆ ನಾಳೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರುತ್ತದೆ.

ಹಳೇ ಗಾಡಿಗೆ ಎಷ್ಟೋ ಜನ ಬರೀ ಥರ್ಡ್ ಪಾರ್ಟಿ ಕಟ್ಟುತ್ತಾರೆ. ಅದರಲ್ಲಿ ಗಾಡಿ ಕಳುವಾದರೆ ಒಂದು ರೂಪಾಯಿಯೂ ಬರುವುದಿಲ್ಲ. ಇದನ್ನು ಗೊತ್ತಿಲ್ಲದೆ ಪಾಲಿಸಿ ಇದೆಯಲ್ಲ ಅಂತ ನೆಮ್ಮದಿಯಾಗಿರುವವರನ್ನು ನೋಡಿದರೆ ಸಂಕಟವಾಗುತ್ತದೆ. ಇನ್ನು ಕಳವಿನ ಕ್ಲೇಮಿಗೆ ಕಂಪನಿಯವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ. ನಿಮ್ಮ ಹತ್ತಿರ ಎರಡನೇ ಕೀ ಇದೆ ಅಂತ ಓದಿ ಸಮಾಧಾನವಾಯಿತು. ಅದನ್ನು ಮನೆಯಲ್ಲೇ ಇಡಿ, ಕಾರಿನೊಳಗೆ ಬೇಡ.

ಶಿರಾಗೇಟ್ ವಾಸಿ

ಜಿಪಿಎಸ್ ಟ್ರ್ಯಾಕರ್ ಹಾಕಿಸಿದರೆ? ಮೊಬೈಲಿನಿಂದಲೇ ಎಂಜಿನ್ ಆಫ್ ಮಾಡಬಹುದಂತೆ.

ವೈರಿಂಗ್ ಅಣ್ಣ

ಟ್ರ್ಯಾಕರ್ ಒಳ್ಳೆಯದು ಸರ್. ಗಾಡಿ ಎಲ್ಲಿದೆ ಅಂತ ತೋರಿಸಲಿ. ಎಂಜಿನ್ ಆಫ್ ಮಾಡುವ ರಿಲೇ ಮಾತ್ರ ಹಾಕಿಸಬೇಡಿ ಅಂತ ನನ್ನ ಮಾತು. ಈಗ ತಾನೇ ಒಂದು ರಿಲೇ ತೆಗೆಯಲು ಹೊರಟಿದ್ದೇವೆ, ಅಲ್ವಾ? ಗುಟ್ಟಾದ ಸ್ವಿಚ್ ಬೇಕೇ ಬೇಕು ಅಂದರೆ ಪಂಪ್ ರಿಲೇಯ ಕಾಯಿಲ್‌ಗೆ ಹೋಗುವ ತೆಳು ವೈರಿನಲ್ಲಿ ಹಾಕಿಸಿ. ಅಲ್ಲಿ ಕರೆಂಟ್ ಕಡಿಮೆ, ಸ್ವಿಚ್ ಬಿಸಿಯಾಗುವುದಿಲ್ಲ. ಆದರೂ ಜಾಯಿಂಟ್ ಗಟ್ಟಿ ಇರಬೇಕು, ಓಡುವಾಗ ಕಾಲು ತಾಗುವ ಜಾಗದಲ್ಲಿ ಇರಬಾರದು.

ಕ್ಯಾತ್ಸಂದ್ರದವಳು

ಕೆಲಸ ಆಯಿತು. ನಮ್ಮ ಪಾಲಿಸಿಯಲ್ಲಿ ಆ ರಿಯಾಯಿತಿ ಇರಲಿಲ್ಲ, ಅದನ್ನು ಮೊದಲೇ ನೋಡಿಕೊಂಡೆ. ನಿಮ್ಮೆಲ್ಲರ ಮಾತು ಬರೆದುಕೊಂಡು ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಅವರು ಬೇಸರ ಮಾಡಿಕೊಳ್ಳದೆ ಪೂರ್ತಿ ಓದಿಸಿಕೊಂಡರು. ನಾನು, ತಮ್ಮ ಪಕ್ಕದಲ್ಲೇ ಕೂತು ನೋಡಿದೆವು.

ಸ್ಟೀರಿಂಗ್ ಕೆಳಗಿನ ಕವರ್ ಬಿಚ್ಚಿದಾಗ ಒಂದು ಕಪ್ಪು ಡಬ್ಬಿ, ಅದರಿಂದ ಹೊರಟ ವೈರಿನ ಗಂಟು. ಟೇಪೆಲ್ಲ ಬಿಸಿಲಿಗೆ ಕರಗಿ ಅಂಟಾಗಿತ್ತು. ಬೆರಳಿಗೆ ಮೆತ್ತಿಕೊಂಡು ಬರುತ್ತಿತ್ತು. ಟೇಪ್ ಸರಿಸಿದರೆ ಒಳಗೆ ಸೆಲ್ಫ್ ವೈರನ್ನು ಕತ್ತರಿಸಿ, ತುದಿಗಳನ್ನು ಬರೀ ಕೈಯಲ್ಲಿ ತಿರುಚಿದ್ದರು. ತಾಮ್ರ ಹಸಿರು ಬಣ್ಣಕ್ಕೆ ತಿರುಗಿತ್ತು, ಅರ್ಧ ಎಳೆಗಳು ಮುರಿದಿದ್ದವು. ರಿಲೇಯ ಪ್ಲಾಸ್ಟಿಕ್ 30ನೇ ಪಿನ್ನಿನ ಸುತ್ತ ಕಂದಾಗಿತ್ತು. ಅಣ್ಣ, ನೀವು ಹೇಳಿದ ಪಿನ್ನೇ.

ಪಂಪಿನ ವೈರ್ ಮುಟ್ಟಿರಲಿಲ್ಲ. ಅದನ್ನು ನೋಡಿ ಅಪ್ಪನಿಗೆ ದೊಡ್ಡ ನಿರಾಳ.

ಬಾನೆಟ್ ಸ್ವಿಚ್ಚಿನ ರಬ್ಬರ್ ಟೋಪಿ ಯಾವಾಗಲೋ ಹೋಗಿದೆ. ಪಿನ್ ಒತ್ತಿದರೆ ಕೆಳಗೇ ಸಿಕ್ಕಿಕೊಳ್ಳುತ್ತಿತ್ತು, ಒಂದೊಂದು ಸಲ ಅರ್ಧಕ್ಕೆ ಮೇಲೆ ಬರುತ್ತಿತ್ತು. ಸೈರನ್ ಬಿಚ್ಚಿದರೆ ಒಳಗಿನ ಸೆಲ್‌ಗಳು ಸೋರಿ ಬೋರ್ಡಿನ ತುಂಬಾ ಬಿಳಿ ಪುಡಿ. ಆ ಕೆಟ್ಟ ಸೆಲ್‌ಗಳನ್ನು ಚಾರ್ಜ್ ಮಾಡಲು ಅದು ಹಗಲೂ ರಾತ್ರಿ ಕರೆಂಟ್ ಎಳೆಯುತ್ತಿತ್ತು ಅಂತ ಎಲೆಕ್ಟ್ರಿಷಿಯನ್ ತೋರಿಸಿದರು. ಸೈರನ್ ಒಂದನ್ನೇ ಬಿಡಿಸಿ ಅಳೆದಾಗ 280ರಲ್ಲಿ ಬಹುಪಾಲು ಇಳಿದುಹೋಯಿತು.

ಎಲ್ಲವನ್ನೂ ಹೊರಗೆ ತೆಗೆದು, ವೈರ್‌ಗಳಿಗೆ ಬೆಸುಗೆ ಹಾಕಿ ಸ್ಲೀವ್ ಹಾಕಿದ್ದಾರೆ. ಬಾಗಿಲಿಗೆ ಬರೀ ಸೆಂಟ್ರಲ್ ಲಾಕ್ ಕಿಟ್. ಜೊತೆಗೆ ಒಂದು ಗಟ್ಟಿ ಗೇರ್ ಲಾಕ್. ಎಲ್ಲ ಸೇರಿದರೂ ಇಸಿಎಂಗೆ ಕೇಳಿದ್ದರ ಹತ್ತರಲ್ಲಿ ಒಂದು ಭಾಗ ಆಗಲಿಲ್ಲ. ಈಗ ಅಳೆದರೆ 20 ಮಿಲಿಆಂಪಿಯರ್ ಆಸುಪಾಸು ನಿಂತಿದೆ. ಬೆಳಿಗ್ಗೆ ಒಂದೇ ಸಲಕ್ಕೆ ಸೆಲ್ಫ್ ಹೊಡೆಯುತ್ತದೆ. ಪಕ್ಕದ ಮನೆಯ ಅಕ್ಕನಿಗೆ ನಾನೇ ಹೋಗಿ ಇನ್ನು ಕೂಗುವುದಿಲ್ಲ ಅಂತ ಹೇಳಿ ಬಂದೆ.

ಅಣ್ಣ, ಮೇಷ್ಟ್ರೇ, ಎಲ್ಲರಿಗೂ ಮನಸಾರೆ ಧನ್ಯವಾದ. ಆ ಇಸಿಎಂ ಬದಲಾಯಿಸಿದ್ದರೂ ಈ ಜಾಯಿಂಟ್ ಹಾಗೇ ಇರುತ್ತಿತ್ತು.

ವೈರಿಂಗ್ ಅಣ್ಣ

ಓದಿ ಬಹಳ ಸಂತೋಷವಾಯಿತು ತಂಗಿ. ಬೆಸುಗೆ ಹಾಕಿದ ಜಾಗ ಅಲ್ಲಾಡದ ಹಾಗೆ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಕಟ್ಟಿದ್ದಾರಾ ನೋಡಿ. ಇಲ್ಲದಿದ್ದರೆ ಕುಲುಕಿ ಕುಲುಕಿ ಬೆಸುಗೆಯ ಪಕ್ಕದಲ್ಲೇ ವೈರ್ ಮುರಿಯುತ್ತದೆ.

ಕುಣಿಗಲ್ ಕಡೆಯವ

ಇದೇ ಥರದ ಇನ್ನೊಂದು ಪ್ರಶ್ನೆ ಅಣ್ಣ. ನಮ್ಮದೂ ಹಳೇ ಗಾಡಿ, ಹೊರಗಿನ ಅಲಾರ್ಮ್. ರಿಮೋಟ್ ಕೆಲಸ ಮಾಡುತ್ತಿಲ್ಲ. ಕೀಯಲ್ಲಿ ಬಾಗಿಲು ತೆಗೆದರೆ ಸೈರನ್ ಹೊಡೆದುಕೊಳ್ಳುತ್ತದೆ, ಸ್ಟಾರ್ಟ್ ಆಗುವುದಿಲ್ಲ. ನಾಳೆ ಬೆಳಿಗ್ಗೆ ತೆಂಗಿನಕಾಯಿ ಸಂತೆಗೆ ಹೋಗಲೇಬೇಕು.

ವೈರಿಂಗ್ ಅಣ್ಣ

ಮೊದಲು ರಿಮೋಟ್ ಸೆಲ್ ಬದಲಾಯಿಸಿ. ಹಳೇ ಅಲಾರ್ಮ್ ರಿಮೋಟ್‌ಗಳಲ್ಲಿ ಬಹಳಷ್ಟಕ್ಕೆ 12 ವೋಲ್ಟಿನ ಉರುಟು ಸೆಲ್ ಬರುತ್ತದೆ, ಮೇಲೆ 23ಎ ಅಥವಾ 27ಎ ಅಂತ ಬರೆದಿರುತ್ತದೆ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಎರಡೂ ನೋಡಲು ಒಂದೇ ಥರ, ದಪ್ಪದಲ್ಲಿ ಬೇರೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಸೆಲ್ ಹಾಕುವ ಜಾಗದ ತಗಡಿಗೆ ಹಸಿರು ಹಿಡಿದಿದ್ದರೆ ಉಜ್ಜಿ ತೆಗೆಯಿರಿ.

ಸೆಲ್ ಸಿಗುವ ತನಕ ಹೊರಡಬೇಕು ಅಂದರೆ ವ್ಯಾಲೆ ಬಟನ್ ಹುಡುಕಿ. ಸ್ಟೀರಿಂಗ್ ಕೆಳಗೋ, ಫ್ಯೂಸ್ ಬಾಕ್ಸ್ ಪಕ್ಕದಲ್ಲೋ ಒಂದು ಸಣ್ಣ ಒತ್ತುವ ಬಟನ್ ಇರುತ್ತದೆ. ಬಹುತೇಕ ಅಲಾರ್ಮ್‌ಗಳಲ್ಲಿ ಇಗ್ನಿಷನ್ ಆನ್ ಮಾಡಿ ಅದನ್ನು ಒತ್ತಿದರೆ ಅಲಾರ್ಮ್ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸಲ, ಎಷ್ಟು ಹೊತ್ತು ಒತ್ತಬೇಕು ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ, ಅದರ ಪುಸ್ತಕದಲ್ಲಿ ಇರುತ್ತದೆ. ಬಟನ್ ಸಿಗದಿದ್ದರೆ ಕಂಟ್ರೋಲ್ ಬಾಕ್ಸಿನ ಮೇಲಿನ ಚೀಟಿಯ ಫೋಟೋ ತೆಗೆದು ಇಲ್ಲಿ ಹಾಕಿ. ರಾತ್ರಿ ಹತ್ತರ ತನಕ ನೋಡುತ್ತಿರುತ್ತೇನೆ.